ಅತ್ತೆಯ ಸೆರಗಿನ ಕೆಂಪು

ನನ್ನ ಬಲಗಣ್ಣಿನ ನಟ್ಟನಡುವೆ ಈಗಲೂ ಒಂದು ತೂತಿದೆ. ಎಡಗಣ್ಣು ಮುಚ್ಚಿಕೊಂಡು ನಿಮ್ಮ ಮುಖ ನೋಡಿದರೆ ನಿಮ್ಮ ಕಿವಿ ಕಾಣುತ್ತವೆ, ತಲೆಗೂದಲು ಕಾಣುತ್ತದೆ, ಅಂಗಿಯ ಮೇಲಿನ ಗುಂಡಿ ಕಾಣುತ್ತದೆ. ಮೂಗು, ಬಾಯಿ ಇರಬೇಕಾದ ಕಡೆ ಬೂದಿ ಬಣ್ಣದ ಒಂದು ಮಚ್ಚೆ. ಕೆಲವರ ವಿಷಯದಲ್ಲಿ ಇದರಿಂದ ಅನುಕೂಲವೂ ಇದೆ. ಹುನಗುಂದದ ಕೋರ್ಟಿನ ಎದುರಿಗೆ ನನ್ನದೊಂದು ಟೈಪಿಂಗ್ ಅಂಗಡಿ. ಅಲ್ಲಿಗೆ ಬರುವ ವಕೀಲರಲ್ಲಿ ಒಬ್ಬಿಬ್ಬರನ್ನು ನಾನು ಬಲಗಣ್ಣಿನಿಂದ ನೋಡುವುದನ್ನೇ ಇಷ್ಟಪಡುತ್ತೇನೆ.

ಎರಡೂ ಕಣ್ಣು ತೆರೆದಿದ್ದಾಗ ತೂತು ಇರುವುದೇ ಗೊತ್ತಾಗುವುದಿಲ್ಲ. ಎಡಗಣ್ಣು ಇಬ್ಬರ ಕೆಲಸವನ್ನೂ ಮಾಡಿಕೊಂಡು ಹೋಗುತ್ತದೆ. ಅದೂ ಹೋಗುತ್ತದೆಯೋ ಏನೋ ಎಂಬ ಹೆದರಿಕೆಯಲ್ಲಿ ನಾನು ಒಂದು ವರ್ಷದ ಬಹುಪಾಲು ಕಳೆದೆ. ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಕೊನೆಯವರೆಗೂ ಕಾಯಿಸಿ ಹೇಳುವವರನ್ನು ಕಂಡರೆ ನನಗೇ ಆಗುವುದಿಲ್ಲ.

ಶುರುವಾದದ್ದು ಲಿಂಗಪೂಜೆಯ ಹೊತ್ತಿನಲ್ಲಿ. ನಮ್ಮ ಮನೆಯಲ್ಲಿ ಬೆಳಗಿನ ಚಹಾಕ್ಕಿಂತ ಮೊದಲು ಪೂಜೆ ಆಗಬೇಕು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯ ಅಂಗೈ ಮೇಲಿಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆಮೇಲೆ ರೆಪ್ಪೆ ಬಡಿಯದೆ ಅದನ್ನೇ ದಿಟ್ಟಿಸುತ್ತ ಕೂಡುವುದು. ಮದುವೆಯಾಗಿ ಬಂದಾಗಿನಿಂದ ನಾನು ಅತ್ತೆಯ ಪಕ್ಕದಲ್ಲಿ ಹೀಗೆ ಕೂಡುತ್ತ ಬಂದಿದ್ದೇನೆ. ಅತ್ತೆ ಕೂತರೆ ಕಲ್ಲು ಕೂತ ಹಾಗೆ. ನನ್ನದು ಮಾತ್ರ ಅರ್ಧ ಮನಸ್ಸು ಅಂಗೈಯಲ್ಲಿ, ಅರ್ಧ ಮನಸ್ಸು ಹಿಂದಿನ ದಿನ ಮುಗಿಸದೆ ಬಿಟ್ಟ ಅಫಿಡವಿಟ್ಟಿನಲ್ಲಿ.

ಒಂದು ಬೆಳಿಗ್ಗೆ ಹಾಗೆ ನೋಡುತ್ತ ಕೂತಾಗ ಲಿಂಗದ ಸುತ್ತ ಬೆಳಕು ಮಿನುಗಿತು. ತಗಡಿನ ಮೇಲೆ ಬಿಸಿಲು ಬಿದ್ದು ಹೊಳೆದಂತೆ ಕ್ಷಣಮಾತ್ರ ಹೊಳೆದು ಹೋಯಿತು. ಮರುದಿನವೂ ಬಂತು. ವಾರ ಕಳೆಯುವುದರೊಳಗೆ ದಿನವೂ ಬರತೊಡಗಿತು. ನನಗೆ ವಿಚಿತ್ರವೆನಿಸಿ ಅತ್ತೆಗೆ ಹೇಳಿದೆ.

ಅವರು ತಮ್ಮ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿ ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ಇಷ್ಟ ವರ್ಷ ಆತು ನಾ ಕುಂತು, ನನಗ ಒಂದ ದಿನಾ ಕಂಡಿಲ್ಲ. ನಿನಗ ಕಂಡೇತಿ ಅಂದ್ರ ನೀ ಪುಣ್ಯಾ ಮಾಡೀದಿ ಯವ್ವಾ. ಯಾರ ಮುಂದೂ ಹೇಳಬ್ಯಾಡ."

ಹೀಗೆ ಹೇಳಿದವರೇ ಸಂಜೆಯೊಳಗೆ ಓಣಿ ತುಂಬ ಹೇಳಿ ಬಂದಿದ್ದರು. ಓಣಿಯ ಹೆಣ್ಣುಮಕ್ಕಳು ನನ್ನನ್ನು ನೋಡುವ ರೀತಿಯೇ ಬದಲಾಯಿತು. ನೀರಿನ ಸರದಿಯಲ್ಲಿ ನನ್ನನ್ನು ಮುಂದೆ ಬಿಟ್ಟರು. ಒಬ್ಬಾಕೆ ಹುಷಾರಿಲ್ಲದ ಕೂಸನ್ನು ಎತ್ತಿಕೊಂಡು ಬಂದು ತಲೆ ಮೇಲೆ ಕೈ ಇಡಲು ಕೇಳಿದಳು. ಮಗುವಿಗೆ ನೆಗಡಿ ಇತ್ತು, ದವಾಖಾನೆಗೆ ಒಯ್ಯಿ ಎಂದೆ. ನನ್ನದೇ ಕಣ್ಣಿನ ವಿಷಯದಲ್ಲಿ ಆ ಬುದ್ಧಿ ಬರಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಕೊತ್ತಂಬರಿ ಮಾರುವವಳ ಜೊತೆ. ಪುಣ್ಯವಂತಳಾದ ಮೇಲೆ ಚೌಕಾಸಿಯಲ್ಲಿ ಬಾಯಿ ಮಾಡುವ ಹಾಗಿರಲಿಲ್ಲ.

ಕೆಲವು ವಾರಗಳಾದ ಮೇಲೆ ಇನ್ನೊಂದು ನಡೆಯಿತು. ಅಂಗೈ ಕಾಣುತ್ತಿತ್ತು, ಬೆರಳು ಕಾಣುತ್ತಿದ್ದವು, ಪತ್ರಿಯ ತುದಿ ಕಾಣುತ್ತಿತ್ತು. ನಡುವಿನ ಲಿಂಗ ಮಾತ್ರ ಮಸುಕಾಗಿ, ಇದ್ದೂ ಇಲ್ಲದಂತಾಗುತ್ತಿತ್ತು. ತಲೆ ಸ್ವಲ್ಪ ಹೊರಳಿಸಿದರೆ ಮತ್ತೆ ಬರುತ್ತಿತ್ತು. ನಾನು ಪೂಜೆಗೆ ಕೂಡುವ ಜಾಗದಲ್ಲಿ ದೀಪ ಎಡಕ್ಕಿರುತ್ತದೆ. ಬಹುಶಃ ಅದರ ಬೆಳಕಿಗೆ ತಿಳಿಯದೆಯೇ ಎಡಗಣ್ಣನ್ನು ಅರ್ಧ ಮುಚ್ಚಿ ನೋಡುವ ಚಾಳಿ ನನಗೆ ಬಿದ್ದಿತ್ತು. ಇದನ್ನೂ ಅತ್ತೆಗೆ ಹೇಳಿದೆ.

"ಲಿಂಗ ಬಯಲಾತು ಅಂದ್ರ ಅದು ಭಾಳ ಮ್ಯಾಲಿನ ಹಂತ. ದೊಡ್ಡ ದೊಡ್ಡವರಿಗೆ ಆಗಿಲ್ಲ ಅದು," ಎಂದು ನನ್ನ ಕಾಲಿಗೆ ಕೈ ಹಚ್ಚಲು ಬಂದರು. ನಾನು ಹೌಹಾರಿ ಕಾಲು ಎಳೆದುಕೊಂಡೆ. ಅತ್ತೆಯಿಂದ ನಮಸ್ಕಾರ ಮಾಡಿಸಿಕೊಳ್ಳುವ ಸೊಸೆಯಾಗಿ ಬದುಕುವುದು ಯಾವ ಕಣ್ಣಿನ ರೋಗಕ್ಕಿಂತಲೂ ಕಷ್ಟ.

ಆ ಭ್ರಮೆ ಇಳಿದದ್ದು ಅಂಗಡಿಯಲ್ಲಿ. ಗಾಳಿಗೆ ಎಡಗಣ್ಣಿಗೆ ಧೂಳು ಬಿತ್ತು. ಅದನ್ನು ಉಜ್ಜುತ್ತ ಬಲಗಣ್ಣಿನಿಂದ ಪರದೆ ನೋಡಿದೆ. ಆಗಷ್ಟೇ ಬಡಿದ ಸಾಲಿನ ಎರಡು ತುದಿಗಳಿದ್ದವು, ನಡುವೆ ಇರಬೇಕಾದ 'ಪ್ರತಿವಾದಿ' ಇರಲಿಲ್ಲ. ಅಳಿಸಿ ಹೋಯಿತೆಂದು ಮತ್ತೆ ಬಡಿದೆ. ಮತ್ತೆಯೂ ಇಲ್ಲ. ಎಡಗಣ್ಣು ತೆರೆದೆ: ಪ್ರತಿವಾದಿ, ಪ್ರತಿವಾದಿ, ಎರಡು ಸಲ. ಮುಚ್ಚಿದೆ: ಹೊಗೆ. ಲಿಂಗ ಬಯಲಾದದ್ದು ಸರಿ; ಗಡಿಕಲ್ಲು ಕಿತ್ತ ದಾವೆಯ ಪ್ರತಿವಾದಿಯೂ ಬಯಲಾಗುತ್ತಾನೆಂದರೆ ಇದು ಸಾಧನೆಯಲ್ಲ ಎಂದು ನನಗೆ ಹೊಳೆಯಿತು. ಅಂಗಡಿಯ ಬಾಗಿಲೆಳೆದು ಮನೆಗೆ ಹೋದೆ.

ನನ್ನ ಗಂಡ ಐಹೊಳೆಯ ಶಾಲೆಯಲ್ಲಿ ಮೇಷ್ಟರು. ಮರುದಿನ ರಜೆ ಹಾಕಿ ನನ್ನನ್ನು ಬಾಗಲಕೋಟೆಯ ನವನಗರದಲ್ಲಿರುವ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹನಿ ಹಾಕಿ, ಪಾಪೆ ಹಿಗ್ಗಿಸಿ, ಹಣೆಗೆ ಕಟ್ಟಿಕೊಂಡ ದೀಪದಿಂದ ಕಣ್ಣೊಳಗೆ ಬಹಳ ಹೊತ್ತು ನೋಡಿದರು. "ಮ್ಯಾಲ ನೋಡ್ರಿ, ಕೆಳಗ ನೋಡ್ರಿ, ನನ್ನ ಕಿವಿ ಕಡೆ ನೋಡ್ರಿ," ಎಂದರು. ರಕ್ತ ತೆಗೆಸಿದರು, ಎದೆಯ ಫೋಟೊ ತೆಗೆಸಿದರು. ಮುಂಗೈಯಲ್ಲಿ ಚರ್ಮದಡಿ ಒಂದು ಸೂಜಿ ಚುಚ್ಚಿಸಿ ಎರಡು ಮೂರು ದಿನ ಬಿಟ್ಟು ಬಂದು ತೋರಿಸಲು ಹೇಳಿದರು. ತೋರಿಸುವ ಹೊತ್ತಿಗೆ ಆ ಜಾಗ ಕೆಂಪೇರಿ ಗಟ್ಟಿಯಾಗಿ ಊದಿತ್ತು. ಬೇರೆ ರೋಗಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದ ಮೇಲೆ ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು.

"ಇದು ಕಣ್ಣಿನ ಟಿಬಿ ಐತ್ರಿ."

"ನನಗ ಕೆಮ್ಮs ಇಲ್ಲಲ್ರಿ," ಎಂದೆ. ತಪ್ಪು ವಿಳಾಸಕ್ಕೆ ಬಂದ ನೋಟಿಸನ್ನು ವಾಪಸು ಕಳಿಸುವವಳ ಧಾಟಿ ನನ್ನದು.

"ಎದಿ ಸ್ವಚ್ಛ ಐತಿ. ಟಿಬಿ ಎದಿಗೇ ಬರಬೇಕಂತ ಏನೂ ಇಲ್ರಿ. ರಕ್ತದಾಗ ಹಾದು ಕಣ್ಣಿನ ಹಿಂದಿನ ಪರದೆಗೆ ಬಂದು ಕುಂತೇತಿ. ನಿಮ್ಮಿಂದ ಮನ್ಯಾಗ ಯಾರಿಗೂ ಹತ್ತೂದಿಲ್ಲ, ಅದಕ್ಕ ಹೆದರಬ್ಯಾಡ್ರಿ."

ಬಲಗಣ್ಣಿನ ನಡುಭಾಗ ಸುಟ್ಟ ಗಾಯದಂತೆ ಕಲೆಯಾಗಿದೆ, ಅಲ್ಲಿ ಹೋದ ನೋಟ ತಿರುಗಿ ಬರುವುದು ಕಷ್ಟ ಎಂದರು. ಆಮೇಲೆ ಹೇಳಿದ್ದೇ ನನ್ನನ್ನು ಅಲ್ಲಾಡಿಸಿದ್ದು. ಎಡಗಣ್ಣಿನಲ್ಲೂ ಒಂದು ಸಣ್ಣ ಕಲೆ ಎದ್ದಿತ್ತು. ಇನ್ನೂ ನಡುವಿಗೆ ಬಂದಿರಲಿಲ್ಲ, ಆದರೆ ಅದರ ಮುಖ ಆ ಕಡೆಗೇ ಇತ್ತು. ಔಷಧ ಅದಕ್ಕಿಂತ ಮುಂಚೆ ಓಡಬೇಕು.

ಗುಳಿಗೆಗಳನ್ನು ಹುನಗುಂದದ ಸರಕಾರಿ ದವಾಖಾನೆಯಲ್ಲೇ ಕೊಡುತ್ತಿದ್ದರು. ತಿಂಗಳುಗಟ್ಟಲೆ, ಒಂದು ದಿನವೂ ತಪ್ಪದೆ ನುಂಗಬೇಕು. ಜೊತೆಗೆ ಕಣ್ಣೊಳಗಿನ ಉರಿಯೂತ ಇಳಿಸಲು ಇನ್ನೊಂದು. ಡಾಕ್ಟರು ಕೊನೆಯಲ್ಲಿ ಒಂದು ಮಾತು ಸೇರಿಸಿದರು.

"ಈ ಗುಳಗಿಯೊಳಗ ಒಂದು ಐತಿ, ಅದು ಕೆಲವೊಬ್ಬರಿಗೆ ಕಣ್ಣಿನ ನರಕ್ಕs ತೊಂದ್ರಿ ಕೊಡತೈತಿ. ಎಲ್ಲಾರಿಗೂ ಅಲ್ಲ. ಆದ್ರ ನಿಮ್ಮದು ಒಂದs ಕಣ್ಣಿನ ಮ್ಯಾಲ ನಡದೇತಿ, ಹಂಗಾಗಿ ಹುಷಾರಿರಬೇಕು. ತೊಂದ್ರಿ ಆದ್ರ ಭಾಳ ಮಂದಿಗೆ ಮೊದಲ ಕೆಂಪ ಬಣ್ಣ ಮಾಸತೈತಿ. ದಿನಾ ಮುಂಜಾನಿ ಒಂದ ಕೆಂಪ ಸಾಮಾನ, ಬಾಟ್ಲಿ ಮುಚ್ಚಳ ಆದ್ರೂ ನಡೀತೈತಿ, ಅದs ಸಾಮಾನ, ಅದs ಜಾಗಾದಾಗ, ಅದs ಬೆಳಕಿನ್ಯಾಗ ಹಿಡದು, ಒಂದೊಂದ ಕಣ್ಣ ಮುಚ್ಚಿ ನೋಡ್ರಿ. ಮಾಸಿ ಕಂಡ್ರ ಅವತ್ತs ಇಲ್ಲಿಗೆ ಬರ್ರಿ. ನಿಮ್ಮಷ್ಟಕ್ಕ ನೀವs ಗುಳಗಿ ಬಿಡಬ್ಯಾಡ್ರಿ."

ಕಾಯುವ ಔಷಧವೇ ಕಣ್ಣು ಕಳೆಯಬಹುದು ಎಂಬುದನ್ನು ನುಂಗುವುದು ಗುಳಿಗೆ ನುಂಗಿದಷ್ಟು ಸುಲಭವಿರಲಿಲ್ಲ.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದವರು ಅಲ್ಲಿಂದ ಏಳಲೇ ಇಲ್ಲ. "ಲಿಂಗ ನಿನಗ ದವಾಖಾನಿಗೆ ಹೋಗು ಅಂತ ಹೇಳಾಕ ಹತ್ತಿತ್ತು. ನಾ ಬ್ಯಾರೆ ತಿಳಕೊಂಡೆ," ಎಂದರು. ನನಗೆ ಸಿಟ್ಟಿತ್ತು. ಕಳೆದುಹೋದ ವಾರಗಳ ಮೇಲೆ, ಓಣಿಯ ಮೇಲೆ, ಅತ್ತೆಯ ಮೇಲೆ. ನಾಲ್ಕೈದು ದಿನ ಅವರ ಜೊತೆ ಬೇಕಾದಷ್ಟೇ ಮಾತಾಡಿದೆ. ಸಿಟ್ಟು ಬಂದಾಗ ಸಿಟ್ಟಾಗದಿದ್ದರೆ ನನಗೆ ಊಟ ಅರಗುವುದಿಲ್ಲ.

ಕೆಂಪು ನೋಡುವ ಕೆಲಸಕ್ಕೆ ನಾನು ಫಿನಾಯಿಲ್ ಬಾಟಲಿಯ ಕೆಂಪು ಮುಚ್ಚಳ ತೆಗೆದು ತೊಳೆದಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಮುಚ್ಚಳ ಬಾಟಲಿಗೇ ಮರಳಿತ್ತು. ಅತ್ತೆ ಸ್ನಾನ ಮುಗಿಸಿ, ತವರಿನ ಸೀರೆ ಉಟ್ಟು, ಮೂಡಣ ಕಿಟಕಿಯ ಪಕ್ಕ ನಿಂತಿದ್ದರು. ಅವರ ತವರು ಇಳಕಲ್ಲು. ಇಳಕಲ್ಲಿನ ಸೀರೆಗೆ ಒಡಲು ಯಾವ ಬಣ್ಣದ್ದಿದ್ದರೂ ಸೆರಗು ಕೆಂಪು, ಅದರಲ್ಲಿ ನೇಯ್ದ ಬಿಳಿಯ ತೆನೆಯ ಚಿತ್ತಾರ. ಆ ಸೆರಗಿನ ಕೆಂಪಿನ ಬಗ್ಗೆ ಅತ್ತೆಗೆ ಇರುವ ಅಭಿಮಾನ ತಮ್ಮ ಮಗನ ಬಗ್ಗೆಯೂ ಇರಲಿಕ್ಕಿಲ್ಲ.

"ಮನ್ಯಾಗ ಇಳಕಲ್ಲ ಸೆರಗ ಇರಬೇಕಾದ್ರ ಸಂಡಾಸ ಬಾಟ್ಲಿ ಮುಚ್ಚಳ ಯಾಕ ನೋಡ್ತಿ? ಇಲ್ಲಿ ನೋಡು. ಬಲಗಣ್ಣ ಮುಚ್ಚಕೋ. ಯಾವ ಬಣ್ಣ?"

"ಕೆಂಪರಿ."

"ಎಂಥಾ ಕೆಂಪ?"

"ಕೆಂಪಂದ್ರ ಕೆಂಪರಿ ಅತ್ತಿ."

"ಹಂಗಲ್ಲ. ನಿನ್ನಿ ಇದ್ದಷ್ಟs ಕೆಂಪೋ, ಕಡಿಮಿ ಕೆಂಪೋ?"

"ನಿನ್ನಿ ನೋಡೇ ಇಲ್ಲಲ್ರಿ."

ಅಂದಿನಿಂದ ಇದು ನಿತ್ಯದ ಪರೀಕ್ಷೆಯಾಯಿತು. ಪೂಜೆ, ಆಮೇಲೆ ಕಿಟಕಿ, ಆಮೇಲೆ ಚಹಾ. ನನಗೆ ಚಹಾ ಬೇಕಾಗಿರುತ್ತಿತ್ತು. ಅವರು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಪಂಚರ ಮುಂದೆ ಸಾಕ್ಷಿ ಹೇಳಿಸುವವರಂತೆ ನಿಂತಿರುತ್ತಿದ್ದರು. ಕೆಲವು ದಿನ ನಾನು ಬೇಕೆಂದೇ "ಹಸರರಿ" ಎಂದು ಅವರ ಮುಖ ನೋಡುತ್ತಿದ್ದೆ. ಅವರು ನಗುತ್ತಿರಲಿಲ್ಲ. ಸರಿಯಾಗಿ ಹೇಳುವವರೆಗೆ ಸೆರಗು ಇಳಿಯುತ್ತಿರಲಿಲ್ಲ.

ಗುಳಿಗೆಗಳು ತಮ್ಮ ಗುಣ ತೋರಿಸಿದವು. ಹೊಟ್ಟೆ ತೊಳಸುತ್ತಿತ್ತು. ಉರಿಯೂತದ ಗುಳಿಗೆಯಿಂದ ಮುಖ ಊದಿ, ಹಸಿವು ಹೆಚ್ಚಿ, ರೊಟ್ಟಿಯ ಬುಟ್ಟಿಯ ಮುಂದಿನಿಂದ ಏಳುವುದೇ ಬೇಡವೆನಿಸುತ್ತಿತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆಂದು ದವಾಖಾನೆಯಲ್ಲಿ ಹೇಳಿದ್ದರು. ಕಣ್ಣೀರೂ ತಿರುಗಬಹುದು ಎಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ಈರುಳ್ಳಿ ಹೆಚ್ಚುತ್ತ ಕಣ್ಣೊರೆಸಿಕೊಂಡರೆ ಬಿಳಿ ಕರವಸ್ತ್ರದ ಮೇಲೆ ಕಿತ್ತಳೆ ಕಲೆ. ಗಂಡ ಅದನ್ನು ನೋಡಿ, "ಇನ್ನ ಮ್ಯಾಲ ನೀ ಅತ್ತರ ಖರೆ ಅತ್ತೀಯೋ ಸುಳ್ಳೋ ಗೊತ್ತಾಗತೈತಿ ಬಿಡು," ಎಂದರು. ಮನೆಯಲ್ಲಿ ಬಹಳ ದಿನಗಳ ಮೇಲೆ ಮೂವರೂ ನಕ್ಕೆವು. ಅತ್ತೆಯ ಮೇಲಿನ ಸಿಟ್ಟು ಅದೇ ದಿನ ಇಳಿಯಿತೆಂದು ಕಾಣುತ್ತದೆ, ಯಾಕೆಂದರೆ ಆಮೇಲೆ ಅದನ್ನು ಹುಡುಕಿದಾಗ ಸಿಗಲಿಲ್ಲ.

ಬಾಗಲಕೋಟೆಗೆ ಹೋದಾಗಲೆಲ್ಲ ಡಾಕ್ಟರು ಎಡಗಣ್ಣಿನ ಕಲೆಯನ್ನು ನೋಡುತ್ತಿದ್ದರು. ಮೊದಲು "ಇದ್ದಲ್ಲೇ ಐತಿ" ಎಂದರು. ಆಮೇಲೆ "ಅಂಚು ಒಣಗಾಕ ಹತ್ತೇತಿ" ಎಂದರು. ಪ್ರತಿ ಸಲ ಆ ದೀಪ ಕಣ್ಣೊಳಗೆ ಇಳಿಯುವಾಗ ನಾನು ಕುರ್ಚಿಯ ಕೈ ಹಿಡಿದು ಕೂಡುತ್ತಿದ್ದೆ. ಅಂಗಡಿಯಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಕೆಲಸ ನಡೆಸಿದೆ. ಕೀಲಿಮಣೆ ಹೇಗೂ ಬೆರಳಿಗೆ ಬರುತ್ತದೆ. ಆದರೆ ತಪ್ಪು ಹುಡುಕಲು ಕಣ್ಣೇ ಬೇಕು, ಮತ್ತು ತಪ್ಪು ಹುಡುಕುವುದೇ ನನ್ನ ವೃತ್ತಿಯಲ್ಲಿ ನನಗಿರುವ ಸುಖ.

ಬೇಸಿಗೆ ಹತ್ತಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಎಂದಿನಂತೆ ಸೆರಗು ಹಿಡಿದರು. ಬಲಗಣ್ಣು ಮುಚ್ಚಿ ನೋಡಿದೆ. ಬಾಯಿಗೆ ಬಂದ "ಕೆಂಪರಿ" ಅಲ್ಲೇ ನಿಂತಿತು. ಅದು ಕೆಂಪಾಗಿರಲಿಲ್ಲ. ಹಳೆಯ ಇಟ್ಟಿಗೆಯ ಬಣ್ಣ. ನಾಲ್ಕಾರು ದಿನಗಳಿಂದ ಏನೋ ಕಡಿಮೆಯಾದಂತೆ ಅನ್ನಿಸುತ್ತಿತ್ತು, ಬೆಳಕಿನ ದೋಷವೆಂದು ಬಿಟ್ಟಿದ್ದೆ. ಆ ದಿನ ಬಿಸಿಲು ನೇರ ಸೆರಗಿನ ಮೇಲೆಯೇ ಬಿದ್ದಿತ್ತು.

"ಅತ್ತಿ, ಇದು ಮಾಸೇತೇನ್ರಿ?"

"ಯಾವದು?"

"ಸೆರಗು."

ಅತ್ತೆ ಸೆರಗನ್ನು ತಮ್ಮ ಮುಖದ ಹತ್ತಿರಕ್ಕೆ ತಂದು ನೋಡಿದರು. ಅವರ ಮುಖದ ಬಣ್ಣವೇ ಇಳಿಯಿತು.

"ಇದು ಇಳಕಲ್ಲ ಕೆಂಪು. ಸೀರಿ ಹರಿದು ಚಿಂದಿ ಆಗತೈತಿ, ಕೆಂಪ ಹೋಗೂದಿಲ್ಲ. ನನಗ ಮೊದಲಿನಂಗs ಕಾಣತೈತಿ. ಯವ್ವಾ, ನಿನ್ನ ಕಣ್ಣs…"

ಗಂಡ ಆಗಲೇ ಐಹೊಳೆಗೆ ಹೊರಟುಹೋಗಿದ್ದರು. ಅತ್ತೆ ಚಪ್ಪಲಿ ಮೆಟ್ಟಿಕೊಂಡು, ಉಟ್ಟ ಸೀರೆಯಲ್ಲೇ, ನನ್ನ ಕೈ ಹಿಡಿದು ಬಸ್ ನಿಲ್ದಾಣಕ್ಕೆ ನಡೆಸಿದರು.

ನಿಲ್ದಾಣದಲ್ಲಿ ಕೆಂಪು ಬಸ್ಸುಗಳು ನಿಂತಿದ್ದವು. ಹಣ್ಣಿನ ಬಂಡಿಯಲ್ಲಿ ಕತ್ತರಿಸಿಟ್ಟ ಕಲ್ಲಂಗಡಿ ಇತ್ತು. ಒಂದು ಸಲ ಬಲಗಣ್ಣು ಮುಚ್ಚಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಅವೂ ಇಟ್ಟಿಗೆ ಬಣ್ಣವಾಗಿ ಕಂಡರೆ ಏನು ಮಾಡಲಿ ಎಂದು ಎರಡೂ ಕಣ್ಣು ನೆಲಕ್ಕಿಟ್ಟು ಬಸ್ಸು ಹತ್ತಿದೆ. ಸೀಟಿನಲ್ಲಿ ಕೂತ ಮೇಲೆ ಕಣ್ಣು ಮುಚ್ಚಿದವಳು ತೆರೆಯಲೇ ಇಲ್ಲ. ಹೀಗೇ ಇರುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆನೋ ಏನೋ. ಇಂಜಿನ್ನಿನ ಸದ್ದು, ಡೀಸೆಲ್ ವಾಸನೆ, ಪಕ್ಕದಲ್ಲಿ ಅತ್ತೆಯ ಬಳೆ. ಅಂಗಡಿ ಯಾರಿಗೆ ಕೊಡಲಿ ಎಂದು ಯೋಚಿಸಿದೆ. ಗಂಡನ ಮುಖವನ್ನು ಮನಸ್ಸಿಗೆ ತಂದುಕೊಳ್ಳಲು ನೋಡಿದೆ. ಎಷ್ಟು ವರ್ಷ ಜೊತೆಗಿದ್ದೂ ಮೀಸೆ ಬಿಟ್ಟರೆ ಉಳಿದದ್ದು ಸರಿಯಾಗಿ ಬರಲಿಲ್ಲ. ಅಷ್ಟು ಹೆದರಿಕೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ನಾನು ಮಲಗಿಲ್ಲವೆಂದು ಅತ್ತೆಗೆ ಗೊತ್ತಾಗಿರಬೇಕು. ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಸಣ್ಣ ದನಿಯಲ್ಲಿ ಹೇಳುತ್ತ ಬಂದರು. "ಅಮೀನಗಡ ಬಂತು. ದನದ ಸಂತಿ ಮೈದಾನ ಖಾಲಿ ಐತಿ… ಇಲ್ಲೊಬ್ಬಾಕಿ ಶೇಂಗಾ ಮಾರಾಕ ಹತ್ಯಾಳ… ಶಿರೂರ ದಾಟಿದಿವಿ. ಹೊಲದಾಗ ಒಂದ ಟ್ರ್ಯಾಕ್ಟರ ನಿಂತೇತಿ, ಬ್ಯಾರೆ ಏನೂ ಇಲ್ಲ." ಬಾಗಲಕೋಟೆಯವರೆಗೆ ಅವರ ಕಣ್ಣಿನಿಂದಲೇ ಹೋದೆ.

ಡಾಕ್ಟರು ವಿಷಯ ಕೇಳಿದವರೇ ಇದ್ದ ಸಾಲನ್ನು ಬಿಟ್ಟು ಒಳಗೆ ಕರೆದರು. ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಹಾಳೆಗಳ ಪುಸ್ತಕ ಮುಂದಿಟ್ಟರು. ಎಡಗಣ್ಣಿನಿಂದ ಓದಿದೆ. ಒಂದೂ ತಪ್ಪಲಿಲ್ಲ. ಮೇಜಿನ ಮೇಲಿದ್ದ ಹನಿಬಾಟಲಿಯ ಕೆಂಪು ಮುಚ್ಚಳ ಹಿಡಿದರು.

"ಇದ ಹೆಂಗೈತ್ರಿ?"

ಅದು ಹಸಿ ಕುಂಕುಮದಷ್ಟು ಕೆಂಪಾಗಿತ್ತು. ಹಾಗೆಂದೇ ಹೇಳಿದೆ. ಅವರು ಓದುವ ಹಲಗೆ ತೋರಿಸಿದರು, ದೀಪ ಹಾಕಿ ನರ ನೋಡಿದರು, ಕಲೆ ನೋಡಿದರು. ಎಲ್ಲ ಮುಗಿಸಿ ಹಿಂದಕ್ಕೆ ಒರಗಿದರು.

"ಕಣ್ಣ ಚೊಲೋ ಐತಿ. ಕಲಿ ಪೂರಾ ಒಣಗೇತಿ. ನರಕ್ಕ ಏನೂ ಆಗಿಲ್ಲ. ನೀವು ಮನ್ಯಾಗ ಏನ ನೋಡ್ತಿದ್ರಿ?"

ಹಿಂದೆ ನಿಂತಿದ್ದ ಅತ್ತೆ ಮುಂದೆ ಬಂದು ಸೆರಗು ಅಗಲಿಸಿ ಹಿಡಿದರು. ಡಾಕ್ಟರು ಎದ್ದು ಅವರನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಸೆರಗಿನ ತುದಿಯಲ್ಲಿ ಮಡಚಿ ಹೊಲಿದ ಅಂಚನ್ನು ಉಗುರಿನಿಂದ ಬಿಡಿಸಿದರು. ಮಡಿಕೆಯ ಒಳಗೆ ಬಟ್ಟೆ ಕಡುಗೆಂಪಾಗಿತ್ತು. ಹೊರಗೆ ಇಟ್ಟಿಗೆ.

"ಅಮ್ಮಾ, ಈ ಸೀರಿ ಎಷ್ಟ ಸಲ ಒಗದೀರಿ?"

"ದಿನಾ," ಎಂದರು ಅತ್ತೆ. "ಪೂಜಿಗೆ ಉಡೂದಲ್ರಿ, ಒಗೀಲಾರದ ಹೆಂಗ ಉಡೂದು? ಆಕಿ ಅಂಗಡಿಗೆ ಹೋದಮ್ಯಾಲ ಬಿಚ್ಚಿ ಒಗದು ಮಾಳಗಿ ಮ್ಯಾಲ ಹಾಕ್ತೇನಿ. ಮರುದಿನ ಮತ್ತ ಅದನ್ನs ಉಡ್ತೇನಿ. ನೀವs ಹೇಳೀರಂತ, ಅದs ಸಾಮಾನ ಇರಬೇಕು ಅಂತ. ಬ್ಯಾರೆ ಸೀರಿ ಉಟ್ರ ಬ್ಯಾರೆ ಕೆಂಪ ಆಗತೈತಿ, ಆಕಿ ಕಣ್ಣಿನ ಲೆಕ್ಕ ತಪ್ಪತೈತಿ."

ನಾನು ದಿನವೂ ನೋಡುತ್ತಿದ್ದೆ, ಅದು ಪೂಜೆಗೆಂದು ತೆಗೆದಿಟ್ಟ ಸೀರೆಯೆಂದು ತಿಳಿದಿದ್ದೆ. ಆ ತಿಂಗಳುಗಳಲ್ಲೆಲ್ಲ ಅವರು ಬೆಳಗಿನ ಹೊತ್ತು ಬೇರೊಂದು ಸೀರೆ ಉಟ್ಟಿರಲಿಲ್ಲ. ಇಳಕಲ್ಲಿನಲ್ಲಿ ಅಣ್ಣನ ಮೊಮ್ಮಗಳ ಮದುವೆಗೆ ಹೋಗದೆ ಉಳಿದದ್ದು ಮೊಣಕಾಲು ನೋವಿಗಲ್ಲ, ಒಂದು ರಾತ್ರಿ ಅಲ್ಲಿ ಉಳಿದರೆ ಮರುದಿನ ನನಗೆ ಕೆಂಪು ತೋರಿಸುವವರು ಇರುವುದಿಲ್ಲವೆಂದು. ಅದನ್ನೂ ಅವರು ಡಾಕ್ಟರ ಮುಂದೆಯೇ ಹೇಳಿದರು, ನನ್ನ ಮುಂದೆ ಎಂದೂ ಹೇಳಿರಲಿಲ್ಲ. ನಮ್ಮ ಮಾಳಿಗೆಯ ಬಿಸಿಲು ಎಂಥದ್ದೆಂದು ಹಪ್ಪಳ ಹಾಕಿದವರಿಗೆ ಗೊತ್ತು. ಅದು ಇಳಕಲ್ಲಿನ ಕೆಂಪನ್ನು ದಿನಕ್ಕಿಷ್ಟಿಷ್ಟೇ ತಿಂದುಹಾಕಿತ್ತು.

ಡಾಕ್ಟರು ನಗಲಿಲ್ಲ. ಬಿಡಿಸಿದ ಅಂಚನ್ನು ಅತ್ತೆಯ ಕಣ್ಣ ಮುಂದೆ ಹಿಡಿದರು. "ಒಳಗಿಂದಕ್ಕೂ ಹೊರಗಿಂದಕ್ಕೂ ನಿಮಗ ಫರಕ ಕಾಣಸೂದಿಲ್ಲೇನ್ರಿ?"

ಅತ್ತೆ ನೋಡಿದರು, ಮತ್ತೆ ನೋಡಿದರು. "ಎರಡೂ ಒಂದs ಅದಾವಲ್ರಿ."

"ನೀವೂ ಕುಂಡ್ರಿ ಇಲ್ಲಿ," ಎಂದು ಅವರನ್ನೇ ಕುರ್ಚಿಯಲ್ಲಿ ಕೂರಿಸಿದರು. ಎರಡೂ ಕಣ್ಣಿಗೆ ಪೊರೆ ಬಲಿತಿತ್ತು. ಎಲ್ಲ ಬಣ್ಣವೂ ಅವರಿಗೆ ಹಳದಿ ಗಾಜಿನ ಹಿಂದಿನಿಂದ ಕಾಣುತ್ತಿತ್ತು. ಕೆಂಪು ಇದೆಯೆಂದು ಅವರಿಗೆ ಮೊದಲೇ ಗೊತ್ತಿದ್ದುದರಿಂದ ಕೆಂಪು ಕಂಡಿತ್ತು.

ಹೊರಗೆ ಬಂದು ದವಾಖಾನೆಯ ಮೆಟ್ಟಿಲ ಮೇಲೆ ಕೂತೆ. ಅತ್ತೂ ಅತ್ತೂ ಸಾಕಾದ ಮೇಲೆ ನಗು ಬಂತು. ಅತ್ತೆ ತಪ್ಪು ಮಾಡಿದವರ ಹಾಗೆ ಪಕ್ಕದಲ್ಲಿ ನಿಂತಿದ್ದರು. ಅವರನ್ನು ಎಳೆದು ಕೂರಿಸಿಕೊಂಡು ಆ ಮಾಸಿದ ಸೆರಗಿನಿಂದಲೇ ಮುಖ ಒರೆಸಿಕೊಂಡೆ. ಬಿಳಿಯ ತೆನೆಯ ಮೇಲೆ ಕಿತ್ತಳೆ ಕಲೆ ಬಿತ್ತು. ಎದೆಯ ಮೇಲೆ ಇಟ್ಟಿದ್ದ ಬೀಸುಕಲ್ಲನ್ನು ಯಾರೋ ಇಳಿಸಿದಂತೆ ಉಸಿರಾಡಿದೆ. ಎದುರಿಗೆ ಬೇಲಿಯ ಮೇಲೆ ಕಾಗದದ ಹೂವಿನ ಬಳ್ಳಿ ಕೆಂಪಗೆ ಅರಳಿತ್ತು. ಬಲಗಣ್ಣು ಮುಚ್ಚಿ ಅದನ್ನು ಬೇಕಾದಷ್ಟು ಹೊತ್ತು ನೋಡಿದೆ.

ವಾಪಸು ಬರುವಾಗ ಕಿಟಕಿಯ ಸೀಟು ಹಿಡಿದು ದಾರಿಯುದ್ದಕ್ಕೂ ನಾನೇ ಹೇಳುತ್ತ ಬಂದೆ, ಅತ್ತೆಗೆ ನಿದ್ದೆ ಬರುವವರೆಗೆ. ಸಂಜೆ ಬಾದಾಮಿಗೆ, ನನ್ನ ತವರಿಗೆ ಫೋನು ಮಾಡಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳಿಗೆ ಯಾವ ವಿಷಯದಲ್ಲೂ ಬಾದಾಮಿಯನ್ನು ತರದೆ ಇರಲಿಕ್ಕಾಗುವುದಿಲ್ಲ. "ನಮ್ಮ ಹಿತ್ತಲ ಹಿಂದಿನ ಗುಡ್ಡಾ ನೋಡಾಕ ಬರಬೇಕಿತ್ತು ನೀ. ಅದೂ ಕೆಂಪs ಐತಿ. ಅದನ್ನ ಯಾರೂ ದಿನಾ ಒಗದ ಹಾಕೂದಿಲ್ಲ," ಎಂದಳು.

ಮರುದಿನದಿಂದ ಮುಚ್ಚಳ ಬಂತು. ಅತ್ತೆ ವಿರೋಧಿಸಲಿಲ್ಲ, ಆದರೆ ಮುಚ್ಚಳವನ್ನು ಹಿಡಿಯುವವರು ಅವರೇ ಆಗಿರಬೇಕಿತ್ತು. ಮಳೆಗಾಲದ ಹೊತ್ತಿಗೆ ಗುಳಿಗೆಗಳು ಮುಗಿದವು. ಡಾಕ್ಟರು ಕೊನೆಯ ಸಲ ದೀಪ ಆರಿಸಿ, "ಇನ್ನ ಆರಾಮ ಇರ್ರಿ. ಆಗಾಗ ಬಂದು ತೋರಸ್ರಿ," ಎಂದರು. ಬಲಗಣ್ಣಿನ ತೂತು ಉಳಿಯಿತು. ಎಡಗಣ್ಣು ನನ್ನದಾಗಿಯೇ ಉಳಿಯಿತು. ಬಂದ ವಾರವೇ ಅಕ್ಷರವನ್ನು ಮತ್ತೆ ಸಣ್ಣದು ಮಾಡಿ, ಹಿರಿಯ ವಕೀಲರೊಬ್ಬರ ಕರಡಿನಲ್ಲಿ ಹದಿನೈದು ಇಪ್ಪತ್ತು ತಪ್ಪು ಹುಡುಕಿ ಗುರುತು ಹಾಕಿ ಕಳಿಸಿದೆ. ಅವರು ಬೇಸರ ಮಾಡಿಕೊಂಡರು. ನನಗೆ ಹಬ್ಬವಾಯಿತು.

ಅತ್ತೆಗೆ ಪೊರೆ ತೆಗೆಸಲು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. "ನನಗ ಕಾಣೂದು ನನಗ ಸಾಕು," ಎನ್ನುತ್ತಿದ್ದರು. ನಾನು ದಿನವೂ ಅವರ ಹಿಂದೆ ಬಿದ್ದೆ, ಸಿಟ್ಟು ಮಾಡಿದೆ, ಕೊನೆಗೆ ಇಳಕಲ್ಲಿಗೆ ಫೋನು ಮಾಡಿ ಅವರಣ್ಣನಿಂದ ಹೇಳಿಸಿದೆ. ಮೊದಲು ಒಂದು ಕಣ್ಣಿಗೆ, ಬಾಗಲಕೋಟೆಯಲ್ಲಿಯೇ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ಮರುದಿನ ಬೆಳಿಗ್ಗೆ, ಪೂಜೆ ಮುಗಿದ ಮೇಲೆ, ಪೆಟ್ಟಿಗೆಯಿಂದ ಆ ಸೀರೆ ತೆಗೆದುಕೊಂಡು ಮೂಡಣ ಕಿಟಕಿಯ ಪಕ್ಕ ನಾನು ನಿಂತೆ. ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದೆ.

"ಅತ್ತಿ, ಯಾವ ಬಣ್ಣರಿ?"

ಅವರು ಹತ್ತಿರ ಬಂದು ಪೊರೆ ಇನ್ನೂ ತೆಗೆಸದ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು, ಇಷ್ಟು ತಿಂಗಳು ನನ್ನಿಂದ ಮಾಡಿಸಿದಂತೆಯೇ. ಬಹಳ ಹೊತ್ತು ನೋಡಿದರು. ಮಡಿಕೆಯ ಒಳಗನ್ನು ಬಿಡಿಸಿ ನೋಡಿದರು, ಮತ್ತೆ ಹೊರಗನ್ನು ನೋಡಿದರು.

"ಇಷ್ಟೊಂದ ಮಾಸೇತಿ," ಎಂದರು. ಆಮೇಲೆ ನನ್ನ ಕಡೆ ನೋಡಿ, "ಈಗ ನೀ ಹೇಳು. ನಿನಗ ಹೆಂಗ ಕಾಣತೈತಿ?"

ಬಲಗಣ್ಣು ಮುಚ್ಚಿದೆ. "ಮಾಸೇತ್ರಿ ಅತ್ತಿ. ಇಟ್ಟಂಗಿ ಆಗೇತಿ."

"ಹಂಗಾರ ಇಬ್ಬರಿಗೂ ಒಂದs ಕಾಣತೈತಿ."

"ಹೌದ್ರಿ."

ಅತ್ತೆ ಸೆರಗನ್ನು ನನ್ನ ಕೈಯಿಂದ ತೆಗೆದುಕೊಂಡು ಜೋಪಾನವಾಗಿ ಮಡಿಸಿದರು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು, ಮತ್ತು ನನ್ನದು ಈಗ ಬರೀ ನೀರಿನ ಬಣ್ಣದ್ದಾಗಿತ್ತು. ಪೆಟ್ಟಿಗೆ ಮುಚ್ಚಿ ಅವರು ಅಡುಗೆಮನೆಯ ಕಡೆ ಒಮ್ಮೆ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಇಳಕಲ್ಲಾಗ ಯಾರ ಮುಂದೂ ಹೇಳಬ್ಯಾಡ."